ಕೈಬಿಟ್ಟಪ್ಪ

ತಮ್ಮ ಫುಟ್ಬಾಲ್ ತಂಡವೇ ದೊಡ್ಡದು ಎಂದು ಜಗಳವಾಡುವವರು ಮೈಸೂರಿನಲ್ಲಿ ಬೀದಿಗೊಬ್ಬರಿದ್ದರು. ತಮ್ಮ ತಂಡದಷ್ಟು ದರಿದ್ರ ತಂಡ ಭೂಮಿಯ ಮೇಲಿಲ್ಲ ಎಂದು ಏಳು ವರ್ಷ ಪಟ್ಟುಹಿಡಿದು ಸಾಧಿಸಿದವರು ಇಬ್ಬರೇ. ಒಬ್ಬರು ಕರಿಬಸವಯ್ಯನವರು, ಸರ್ಕಾರಿ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತರು. ಅವರದು ಪಡುವಾರಹಳ್ಳಿ ಯೂನಿಯನ್. ಇನ್ನೊಬ್ಬರು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಕೃಷ್ಣಸ್ವಾಮಿಗಳು. ಅವರದು ಕೋಟೆ ಫ್ರೆಂಡ್ಸ್. ದಿನಾ ಸಂಜೆ ಐದೂವರೆಗೆ ಜಯಲಕ್ಷ್ಮಿಪುರಂನ ಮೂಲೆ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಇಬ್ಬರೂ ಎದುರುಬದುರು ಕೂತು ಕಾಫಿ ತಣ್ಣಗಾಗುವ ತನಕ ವಾದ ಮಾಡುತ್ತಿದ್ದರು.

ವಾದದ ವಿಷಯ ಒಂದೇ. ಯೂನಿಯನ್ನಿನ ಮಹದೇವು ದೊಡ್ಡವನೋ, ಕೋಟೆಯ ಪುಟ್ಟಣ್ಣ ದೊಡ್ಡವನೋ? ಇಬ್ಬರೂ ಸೆಂಟರ್ ಹಾಫ್. ಹನ್ನೊಂದು ಜನರ ನಟ್ಟನಡುವೆ ನಿಂತು ಚೆಂಡು ಯಾರಿಗೆ, ಯಾವಾಗ, ಎಲ್ಲಿಗೆ ಎಂದು ತೀರ್ಮಾನ ಮಾಡುವ ಯಜಮಾನಿಕೆ ಅದು. ಇಬ್ಬರ ಕಾಲಿಗೂ ಕಣ್ಣಿದೆ ಎಂದು ಊರೇ ಹೇಳುತ್ತಿತ್ತು. ಆದರೆ ಕಾರ್ತೀಕದಲ್ಲಿ ನಡೆಯುತ್ತಿದ್ದ ಪಂದ್ಯಾವಳಿಯ ದೊಡ್ಡ ಶೀಲ್ಡನ್ನು ಇಬ್ಬರಲ್ಲಿ ಯಾರೂ ಒಮ್ಮೆಯೂ ಮುಟ್ಟಿರಲಿಲ್ಲ. ಪ್ರತಿ ವರ್ಷ ಬೆಂಗಳೂರಿನ ಯಾವುದೋ ಒಂದು ತಂಡ ಬೆಳಗಿನ ರೈಲಿಗೆ ಬಂದು, ಮಧ್ಯಾಹ್ನ ಊಟ ಮಾಡಿ, ನಾಲ್ಕಕ್ಕೆ ಆಡಿ, ಸಂಜೆಯ ರೈಲಿಗೆ ಶೀಲ್ಡನ್ನು ಕಂಕುಳಲ್ಲಿಟ್ಟುಕೊಂಡು ಹೋಗಿಬಿಡುತ್ತಿತ್ತು.

ಒಬ್ಬನಾದರೂ ಗೆದ್ದಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರೂ ಗೆಲ್ಲದೆ ಇದ್ದುದರಿಂದ ತರ್ಕ ತಲೆಕೆಳಗಾಗಿ ನಿಂತಿತು. ಮಹದೇವು ದೊಡ್ಡವನಾಗಬೇಕಾದರೆ ಅವನ ಜೊತೆಯ ಹತ್ತು ಜನ ಪರಮ ಅಯೋಗ್ಯರಾಗಲೇಬೇಕು. ಇಲ್ಲದಿದ್ದರೆ ಯೂನಿಯನ್ ಯಾಕೆ ಸೋತಿತು? ಪುಟ್ಟಣ್ಣನಿಗೂ ಅದೇ ನ್ಯಾಯ.

"ನಿಮ್ಮ ಪುಟ್ಟಣ್ಣನಿಗೇನ್ರೀ ಕಷ್ಟ?" ಎನ್ನುತ್ತಿದ್ದರು ಕರಿಬಸವಯ್ಯನವರು. "ಅವನ ಹಿಂದೆ ಇಬ್ಬರು ಬ್ಯಾಕುಗಳಾದರೂ ಎದ್ದು ನಿಂತಿರ್ತಾರೆ. ನಮ್ಮೋರಲ್ಲಿ ಒಬ್ಬನಿಗೆ ಉಬ್ಬಸ, ಇನ್ನೊಬ್ಬನಿಗೆ ಚೆಂಡು ಕಂಡರೆ ಭಯ."

"ಭಯ ಒಳ್ಳೇದು ಕಣ್ರೀ, ದೂರ ಓಡಿಹೋಗ್ತಾನೆ. ನಮ್ಮೋನು ಧೈರ್ಯವಂತ. ಹೋದ ವರ್ಷ ಚೆಂಡಿಗೆ ಅಡ್ಡ ಬಂದು ನಮ್ಮ ಗೋಲಿಗೇ ಒದ್ದ."

"ಒಂದು ಸಲ ತಾನೆ?"

"ಎರಡು."

ಇಲ್ಲಿ ಕರಿಬಸವಯ್ಯನವರು ಒಂದು ಗುಟುಕು ಕಾಫಿ ಕುಡಿಯಬೇಕಾಗುತ್ತಿತ್ತು. ಮೇಷ್ಟ್ರು ಎರಡು ಅಂದರೆ ಎರಡೇ. ಆದರೆ ಕರಿಬಸವಯ್ಯನವರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರ ಇತ್ತು. ಅದು ಯೂನಿಯನ್ನಿನ ಗೋಲ್ ಕೀಪರ್.

"ನಮ್ಮ ಗೋಲಿ ಕೈಗೆ ಸಿಕ್ಕ ಚೆಂಡು ಅತ್ತೆಮನೆಗೆ ಬಂದ ಅಳಿಯ ಇದ್ದ ಹಾಗೆ. ಜಗಲಿ ಮೇಲೆ ಒಂದು ಗಳಿಗೆ ಕೂತ ಹಾಗೆ ಮಾಡಿ ಸೀದಾ ಒಳಗೆ ಹೋಗ್ಬುಡತ್ತೆ. ಅವನ ಹೆಸರೇನೋ ನನಗೆ ಗೊತ್ತಿಲ್ಲ. ಕೈಬಿಟ್ಟಪ್ಪ ಅನ್ನಿ, ಸಾಕು."

ಮೊದಲ ಸಲ ಹೀಗಂದ ದಿನ ಹೋಟೆಲಿಗೆ ಹೋಟೆಲೇ ನಕ್ಕಿತು. ಹೆಸರು ಹೋಟೆಲಿನಿಂದ ಮೈದಾನಕ್ಕೆ ಹೋಯಿತು, ಮೈದಾನದಿಂದ ಬೀದಿಗೆ ಹೋಯಿತು. ಆಟದ ದಿನ ಮಕ್ಕಳು "ಕೈಬಿಟ್ಟಪ್ಪಾ, ಇವತ್ತು ಎಷ್ಟು?" ಎಂದು ಕೂಗುತ್ತಿದ್ದರೆ ಕರಿಬಸವಯ್ಯನವರ ಎದೆ ಉಬ್ಬುತ್ತಿತ್ತು. ಆಯುಷ್ಯದಲ್ಲಿ ಅವರು ಕಟ್ಟಿದ ಒಂದೇ ಒಂದು ಪದ ಅದು.

ಆ ಗೋಲ್ ಕೀಪರನ ಮುಖವನ್ನು ಅವರು ಸರಿಯಾಗಿ ನೋಡಿರಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಅವರು ಕೂರುತ್ತಿದ್ದುದು ಮೈದಾನದ ಆಚೆ ಬದಿಯ ಹೊಂಗೆ ಮರದ ಕೆಳಗೆ. ನೋಡುತ್ತಿದ್ದುದು ಮಹದೇವುವನ್ನು ಮಾತ್ರ. ಚೆಂಡು ಯೂನಿಯನ್ನಿನ ಗೋಲಿನ ಕಡೆ ಹೊರಟಿತೆಂದರೆ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದರು. ಜನರ ಗದ್ದಲ ಕೇಳಿದರೆ ಗೋಲು, ಕೇಳದಿದ್ದರೆ ಇಲ್ಲ. ಗದ್ದಲ ಕೇಳದ ಸಲಗಳನ್ನು ಅವರು ನೆನಪಿಟ್ಟುಕೊಂಡಿರಲಿಲ್ಲ.

ಇಷ್ಟೆಲ್ಲ ಮಾತಾಡಿ ಮನೆಗೆ ಬಂದರೆ ಕರಿಬಸವಯ್ಯನವರ ಬಾಯಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಹೆಂಡತಿ ವಸಂತಮ್ಮ ಕೇಳಿದ್ದಕ್ಕೆ ಹೂಂ, ಉಹೂಂ. ಮಗಳು ಗಿರಿಜಾಂಬಾ ಬಡಿಸಿದ್ದಕ್ಕೆ ಸಾಕು, ಇನ್ನಷ್ಟು. ಆ ಮನೆಯ ಮೌನ ಬಹಳ ಹಳೆಯದು. ಕುರ್ಚಿ, ಬೆಂಚುಗಳ ಹಾಗೆ ಅದಕ್ಕೂ ಒಂದು ಜಾಗವಿತ್ತು. ಮೂವರೂ ಅದನ್ನು ತಾಗದೆ ಸುತ್ತಿಕೊಂಡು ಓಡಾಡುತ್ತಿದ್ದರು.

ಗಿರಿಜಾಂಬಾಗೆ ಇಪ್ಪತ್ತೆರಡು ತುಂಬಿತ್ತು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಎರಡು ಸಂಬಂಧ ಬಂದು ಮುರಿದಿದ್ದವು. ಮೂರನೆಯದೂ ಮುರಿದರೆ ನಂಟರು ಜಾತಕ ಹಿಡಿದು ಮನೆಗೆ ಬರುವುದನ್ನೇ ನಿಲ್ಲಿಸುತ್ತಾರೆ ಎಂಬ ಭಯ ವಸಂತಮ್ಮನಿಗೆ. ಶ್ರಾವಣದಲ್ಲಿ ಮೂರನೆಯದು ಬಂತು. ಕಡಕೊಳದ ಪ್ರಭುಸ್ವಾಮಿ ಎಂಬ ಸಾಹುಕಾರರ ಮಗ, ಗುರುಸಿದ್ದಯ್ಯ. ನೀರು ಸರಬರಾಜು ಕಚೇರಿಯಲ್ಲಿ ಕೆಲಸ, ಪಡುವಾರಹಳ್ಳಿಯಲ್ಲಿ ಒಂದು ಕೋಣೆ ಹಿಡಿದು ಇದ್ದಾನೆ.

ಹುಡುಗ ಮನೆಯವರೊಂದಿಗೆ ಹೆಣ್ಣು ನೋಡಲು ಬಂದ. ಉದ್ದನೆಯ ಕೈಕಾಲು, ಮೊಣಕೈಯಲ್ಲಿ ಒಣಗಿದ ತರಚು ಗಾಯ. ಹೊಸಿಲು ದಾಟುವಾಗ ಕರಿಬಸವಯ್ಯನವರ ಮುಖ ನೋಡಿ ಒಂದು ಕ್ಷಣ ಅಲ್ಲೇ ನಿಂತುಬಿಟ್ಟ. ಆಮೇಲೆ ಬಂದು ಕೂತ. ಉಪ್ಪಿಟ್ಟು ಕೊಟ್ಟರೆ ತಟ್ಟೆಯನ್ನೇ ನೋಡುತ್ತಾ ಕೂತ.

"ಸಂಜೆ ಹೊತ್ತು ಹೇಗೆ ಕಳೀತೀರಿ?" ಎಂದು ಕರಿಬಸವಯ್ಯನವರು ಕೇಳಿದರು.

"ಸ್ವಲ್ಪ ಆಟ," ಎಂದ ಹುಡುಗ. ಅದಕ್ಕಿಂತ ಹೆಚ್ಚು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅವರೆಲ್ಲ ಹೋದ ಮೇಲೆ ವಸಂತಮ್ಮ ಮಗಳನ್ನು ಕೇಳಿದರು: "ಏನಮ್ಮ, ಒಪ್ಪಿಗೆಯಾ? ಮಾತೇ ಆಡಲಿಲ್ಲವಲ್ಲ ಹುಡುಗ."

"ಸುಮ್ಮನೆ ಕೂತಿದ್ದರೂ ನಾನು ಒಳಗಿಂದ ಬಂದಾಗ ತಲೆ ಎತ್ತಿ ನೋಡಿದರು," ಎಂದಳು ಗಿರಿಜಾಂಬಾ. "ಅಷ್ಟು ಸಾಕು ನನಗೆ." ಆ ಮಾತು ತಮಗೆ ತಗುಲಿತೋ ಇಲ್ಲವೋ ಎಂದು ಕರಿಬಸವಯ್ಯನವರಿಗೆ ಗೊತ್ತಾಗಲಿಲ್ಲ. ಪತ್ರಿಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದರು.

ಮಾರನೆಯ ದಿನ ವಸಂತಮ್ಮ ಹುಡುಗನ ವಿಚಾರ ತಿಳಿಯಲು ಪುಟ್ಟತಾಯಮ್ಮನನ್ನು ಹಿಡಿದರು. ಪಡುವಾರಹಳ್ಳಿಯಲ್ಲೆಲ್ಲ ಮೊಸರು ಮಾರುವವಳು. ಅವಳಿಗೆ ಗೊತ್ತಿಲ್ಲದ ಮನೆ ಇಲ್ಲ.

"ಆ ಉದ್ದನೆ ಉಡುಗನಾ?" ಪುಟ್ಟತಾಯಮ್ಮ ಮಡಕೆಯನ್ನು ಇಳಿಸಿ ಸೆರಗು ಕೊಡವಿದಳು. "ಒಳ್ಳೆ ಉಡುಗನೇ ಕಣವ್ವ, ಬೀಡಿ ಸೇದಲ್ಲ, ಏನಿಲ್ಲ. ಆದ್ರೆ ಒಂದು ಮಾತು ಏಳ್ಬುಡ್ತೀನಿ, ಆಮೇಲೆ ನನ್ನ ಬೈಬ್ಯಾಡಿ. ಬೀದಿ ಐಕಳೆಲ್ಲ ಅವನ್ನ ಕೈಬಿಟ್ಟಪ್ಪ ಅಂತ ಕೂಗ್ತವೆ."

"ಹಾಗಂದ್ರೆ?"

"ನಂಗೆಂಗೆ ಗೊತ್ತು? ಯಾರ್ನ ಕೈಬಿಟ್ನೋ, ಏನೋ. ಮೊನ್ನೆ ಒಬ್ಬ ಕೇಳ್ತಿದ್ದ, ಇಲ್ಲೀಗಂಟ ಎಷ್ಟು ಕೈಬಿಟ್ಟೆ ಅಂತ. ಇನ್ನೊಬ್ಬ ಅಂದ, ಓದ ವರ್ಸ ಒಂದೇ ಸಂಜೆ ಐದು ಅಂತ."

ವಸಂತಮ್ಮ ಗೋಡೆ ಹಿಡಿದು ಕೂತರು. ಒಬ್ಬಳನ್ನು ಕೈಬಿಟ್ಟವನನ್ನು ಅವರು ಕಂಡಿದ್ದರು, ನಂಟರಲ್ಲೇ ಇದ್ದ. ಒಂದೇ ಸಂಜೆ ಐದು ಜನರನ್ನು ಕೈಬಿಟ್ಟವನನ್ನು ಪುರಾಣದಲ್ಲೂ ಕೇಳಿರಲಿಲ್ಲ. ಗಂಡ ಕಚೇರಿಯಿಂದ ಬರುವ ತನಕ ಕಾಯಲಿಲ್ಲ. "ಕೈಬಿಡೋನಿಗೆ ನಾವು ಹೆಣ್ಣು ಕೊಡಲ್ಲ ಅಂತ ಹೇಳ್ಬುಡು ಹೋಗು," ಎಂದು ಪುಟ್ಟತಾಯಮ್ಮನ ಕೈಯಲ್ಲೇ ಹೇಳಿ ಕಳಿಸಿದರು. ಅವಳು ಒಂದಕ್ಷರ ಬಿಡದೆ ಮುಟ್ಟಿಸಿದಳು.

ಸಂಜೆ ಕರಿಬಸವಯ್ಯನವರು ಹೋಟೆಲಿನಿಂದ ಬಂದಾಗ ಒಲೆ ಹೊತ್ತಿರಲಿಲ್ಲ. ಗಿರಿಜಾಂಬಾ ಕಿಟಕಿಯ ಹತ್ತಿರ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ ಕೂತಿದ್ದಳು. ಒಂದೇ ಹಾಳೆ ಬಹಳ ಹೊತ್ತಿನಿಂದ ತೆರೆದಿತ್ತು.

"ಏನೂಂದ್ರೆ, ಆ ಸಂಬಂಧ ಬೇಡ ಅಂದುಬಿಟ್ಟೆ," ಎಂದರು ವಸಂತಮ್ಮ. "ಹುಡುಗ ಎಷ್ಟೋ ಜನರನ್ನ ಕೈಬಿಟ್ಟಿದ್ದಾನಂತೆ. ಊರವರು ಹೆಸರೇ ಇಟ್ಟಿದ್ದಾರಂತೆ, ಕೈಬಿಟ್ಟಪ್ಪ ಅಂತ. ಯಾವ ಪುಣ್ಯಾತ್ಮ ಇಟ್ಟನೋ, ನಮ್ಮ ಮಗಳನ್ನ ಉಳಿಸಿದ."

ಕರಿಬಸವಯ್ಯನವರು ಚಪ್ಪಲಿ ಒಂದನ್ನು ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ನಿಂತರು. ಮೊಣಕೈಯ ತರಚು ಗಾಯ, ಉದ್ದನೆಯ ಕೈ, ಹೊಸಿಲಲ್ಲಿ ನಿಂತ ಆ ಒಂದು ಕ್ಷಣ, ಎಲ್ಲ ಒಂದೇ ಸಲ ಅರ್ಥವಾಯಿತು. ಸುಮ್ಮನಿದ್ದುಬಿಡಬಹುದಾಗಿತ್ತು. ಆ ಮನೆಯಲ್ಲಿ ಸುಮ್ಮನಿರುವುದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಆದರೆ ಮಗಳ ಕೈಯಲ್ಲಿನ ಕೆಂಪು ಪೆನ್ಸಿಲು ಹಾಳೆಯ ಮೇಲೆ ಅಲ್ಲಾಡದೆ ನಿಂತಿತ್ತು.

"ಆ ಪುಣ್ಯಾತ್ಮ ನಾನೇ," ಎಂದರು.

"ಏನು?"

"ಚೆಂಡು ಕಣೇ. ಅವನು ಕೈಬಿಡೋದು ಚೆಂಡು. ಹೆಂಗಸರನ್ನಲ್ಲ."

ವಸಂತಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮೊದಲು ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಮನೇಲಿ ನಾಲ್ಕು ಮಾತಾಡಿ ಅಂದ್ರೆ ಬಾಯಿ ಬಿಡಲ್ಲ, ಹೋಟ್ಲಲ್ಲಿ ಕೂತು ಅಳಿಯನಿಗೆ ಹೆಸರಿಟ್ಟು ಬಂದಿದ್ದೀರಾ?"

ಗಿರಿಜಾಂಬಾ ಪೆನ್ಸಿಲು ಕೆಳಗಿಟ್ಟಳು. "ಅಪ್ಪಾಜಿ, ಅವರು ಚೆಂಡು ಬಿಟ್ಟರೆ ಬಿಡಲಿ. ನಾನೇನು ಚೆಂಡಲ್ಲವಲ್ಲ. ನೀವೇ ಹೋಗಿ ಹೇಳಿ ಬನ್ನಿ."

ಬಿಟ್ಟ ಚಪ್ಪಲಿಯನ್ನು ಅವರು ಮತ್ತೆ ಮೆಟ್ಟಿಕೊಂಡರು.

ಪಡುವಾರಹಳ್ಳಿಯ ಕೋಣೆಯಲ್ಲಿ ಗುರುಸಿದ್ದಯ್ಯ ಇದ್ದ ಒಂದೇ ಕುರ್ಚಿಯನ್ನು ಅವರಿಗೆ ಕೊಟ್ಟು ತಾನು ಚಾಪೆಯ ಮೇಲೆ ಕೂತ. ಕರಿಬಸವಯ್ಯನವರು ಪುಟ್ಟತಾಯಮ್ಮ, ಬೀದಿಯ ಮಕ್ಕಳು, ವಸಂತಮ್ಮ ಎಲ್ಲರ ಕತೆ ಹೇಳಿದರು. "ಮನೆಯೋರು ನೀವು ಹೆಂಗಸರನ್ನ ಕೈಬಿಟ್ಟೋರು ಅಂತ ತಿಳ್ಕೊಂಡ್ಬುಟ್ರು. ಅಷ್ಟೇ ಆಗಿದ್ದು."

"ಹೆಂಗಸರನ್ನಾ?" ಹುಡುಗ ಯೋಚಿಸಿದ. "ನಾನು ಆಟಕ್ಕೇ ಅಂದರು ಅಂದುಕೊಂಡೆ. ಹೆಂಗಸರು ಅಂತ ಗೊತ್ತಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ ಸಾರ್. ಅದು ಸುಳ್ಳು ಅಂತ ನನಗೇ ಗೊತ್ತಲ್ಲ."

ಕರಿಬಸವಯ್ಯನವರು ಕುರ್ಚಿಯ ಅಂಚಿಗೆ ಸರಿದರು.

"ಮೂಲೆ ಹೋಟ್ಲಿಗೆ ನಾನೂ ಬರ್ತೀನಿ. ನಿಮ್ಮ ಹಿಂದಿನ ಮೇಜು. ಗೋಡೆ ಕಡೆ ತಿರುಗಿ ಕೂರ್ತೀನಿ. ಎಲ್ಲ ಕೇಳಿಸತ್ತೆ," ಎಂದ ಹುಡುಗ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಗಿತ್ತು. "ಒಂದು ಕೇಳ್ಲಾ? ಮೂರು ವರ್ಷದ ಹಿಂದೆ, ಶೀಲ್ಡಿನ ಸೆಮಿಫೈನಲ್. ನಾಲ್ಕನೇ ಗೋಲು. ಆ ಗೋಲನ್ನ ನೀವು ಒಂದು ತಿಂಗಳು ಹೇಳಿದ್ರಿ. ಅದು ಹೇಗಾಯ್ತು?"

"ನಾನು... ಕಣ್ಣು ಮುಚ್ಚಿದ್ದೆ."

"ಗೊತ್ತು. ಹೊಂಗೆ ಮರದ ಕೆಳಗೆ ನೀವು ಕಣ್ಣು ಮುಚ್ಚೋದು ಗೋಲಿನಿಂದ ಚೆನ್ನಾಗಿ ಕಾಣತ್ತೆ."

ಹೊರಗೆ ಬಾವಿಯ ರಾಟೆ ಕಿರುಗುಟ್ಟಿ ನಿಂತಿತು. ಹುಡುಗ ಚಾಪೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಮಹದೇವು ಇಲ್ಲಿ. ಚೆಂಡನ್ನು ಒದೆಯುತ್ತಾನೆ, ಅದು ಬಾಣದ ಹಾಗೆ ಹೋಗುತ್ತದೆ. ಅದರಲ್ಲಿ ಸುಳ್ಳಿಲ್ಲ. ಒದ್ದ ಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು, ತಾನು ಒದ್ದ ಚೆಂಡು ಹೋಗುವ ಚಂದ ನೋಡುತ್ತಾ ನಿಲ್ಲುತ್ತಾನೆ. ಜನರೂ ಅದನ್ನೇ ನೋಡುತ್ತಾರೆ. ಮುಂದೆ ಯಾರೋ ಅದನ್ನು ಕಿತ್ತುಕೊಂಡರೆ ಮಹದೇವು ಹಿಂದಕ್ಕೆ ಓಡುವುದಿಲ್ಲ. ಅವನ ಪಕ್ಕದಲ್ಲೇ ಮೂರು ಜನ ದಾಟಿ ಬರುತ್ತಾರೆ.

"ಮೂರು ಜನ ಬರ್ತಾರೆ, ನಾನೊಬ್ಬ ನಿಂತಿರ್ತೀನಿ. ಎಂಟು ಹೊಡೆದರೆ ಐದು ಹಿಡೀತೀನಿ ಸಾರ್. ಆ ಐದನ್ನ ನೀವು ನೋಡೇ ಇಲ್ಲ."

"ನನ್ನ ಮಗಳಿಗೆ ನೀವು ಒಪ್ಪಿಗೆ," ಎಂದರು ಕರಿಬಸವಯ್ಯನವರು ಆ ಗೆರೆಗಳನ್ನೇ ನೋಡುತ್ತಾ. "ಏನು ಮಾಡಿದರೆ ನೀವು ಒಪ್ತೀರಿ, ಹೇಳಿ."

"ನಾನೀಗ ತೋರಿಸಿದ್ದನ್ನ ಆ ಹೋಟ್ಲಲ್ಲಿ, ಆ ಮೇಷ್ಟ್ರ ಎದುರಿಗೆ ಒಂದು ಸಲ ಹೇಳಿ. ಬೇರೆ ಏನೂ ಬೇಡ."

ಮನೆಯ ಕಡೆ ನಡೆಯುತ್ತಾ ಕರಿಬಸವಯ್ಯನವರು ಎಲ್ಲ ವರೋಪಚಾರಗಳನ್ನೂ ನೆನೆಸಿಕೊಂಡರು. ಕೈಗಡಿಯಾರ, ಸೂಟು, ಸೈಕಲ್ಲು. ಯಾವುದು ಕೇಳಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ. ಗೋಲ್ ಕೀಪರ್ ಒಳ್ಳೆಯವನು ಎಂದ ಕೂಡಲೇ ಸೋಲು ಯಾರದೆಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಬಂದರೆ ಏಳು ವರ್ಷ ತಾವು ಪೂಜಿಸಿದವನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾನೆ. ಬಾಗಿಲಲ್ಲಿ ಕಾಯುತ್ತಿದ್ದ ಗಿರಿಜಾಂಬಾಗೆ ವಿಷಯ ಹೇಳಿದರು.

"ಮಾತು ತಾನೆ ಅಪ್ಪಾಜಿ? ಹೊರಗೆ ನಿಮಗೆ ಮಾತಿಗೇನು ಬರ?"

ಮಾರನೆಯ ಸಂಜೆ ಗುರುಸಿದ್ದಯ್ಯ ಮೊದಲೇ ಬಂದು ಹಿಂದಿನ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಏಳು ವರ್ಷ ಆ ಬೆನ್ನು ಅಲ್ಲೇ ಇತ್ತು. ಕರಿಬಸವಯ್ಯನವರು ಅದನ್ನು ನೋಡಿದ್ದು ಆವತ್ತೇ. ಕೃಷ್ಣಸ್ವಾಮಿಗಳು ಖುಷಿಯಲ್ಲಿದ್ದರು. ಕೋಟೆಯವರಿಗೆ ಎಡಗಡೆ ಆಡಲು ಒಬ್ಬ ಹೊಸ ಅಯೋಗ್ಯ ಸಿಕ್ಕಿದ್ದ.

"ಕೃಷ್ಣಸ್ವಾಮಿಗಳೇ," ಎಂದರು ಕರಿಬಸವಯ್ಯನವರು. "ನಮ್ಮ ಗೋಲ್ ಕೀಪರ್ ಒಳ್ಳೇ ಆಟಗಾರ."

"ಯಾರು, ಕೈಬಿಟ್ಟಪ್ಪನಾ?"

"ಗುರುಸಿದ್ದಯ್ಯ ಅಂತ ಅವರ ಹೆಸರು. ಎಂಟಕ್ಕೆ ಐದು ಹಿಡೀತಾರೆ. ಗೋಲು ಬೀಳೋದು ಮಹದೇವು ಹಿಂದಕ್ಕೆ ಓಡದೆ ಇರೋದರಿಂದ. ನಾನು ಕಣ್ಣುಮುಚ್ಚಿಕೊಂಡು ಏನೇನೋ ಹೇಳಿದೆ. ತಪ್ಪಾಯ್ತು."

ಏಳು ವರ್ಷದಲ್ಲಿ ಮೊದಲನೆಯ ಸಲ ವಾದ ಗೆದ್ದ ಕೃಷ್ಣಸ್ವಾಮಿಗಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅವರು ಗಾಬರಿಯಾಗಿದ್ದರು.

"ಹಾಗನ್ನಬೇಡಿ ಕಣ್ರೀ," ಎಂದರು. "ಮಹದೇವು ಅಂಥ ದೊಡ್ಡ ಆಟಗಾರ ಅಲ್ಲ ಅಂದ್ರೆ ಏಳು ವರ್ಷ ನಾನು ನಮ್ಮ ಪುಟ್ಟಣ್ಣನನ್ನ ಯಾರ ಜೊತೆ ಹೋಲಿಸಿದ ಹಾಗಾಯ್ತು? ಕಡಲೇಕಾಯಿ ಜೊತೆಗಾ?"

"ಓಡಲ್ಲ ಕಣ್ರೀ ಅವನು. ನಿಂತ್ಕೋತಾನೆ."

"ನಿಂತ್ಕೊಂಡರೇನು? ದೊಡ್ಡೋರು ನಿಂತ್ಕೋತಾರೆ! ಹಿಡಿಯೋದು ಗೋಲಿ ಕೆಲಸ. ಆ ಕೈಬಿಟ್ಟಪ್ಪನಿಗೆ ಕೈಯಿದೆಯೇನ್ರೀ? ತೂತಿನ ಜರಡಿ! ನೀವೇ ಹೇಳಿದ್ದು!"

"ಜರಡಿಯಲ್ಲ. ಆ ಕೈಯಲ್ಲಿ ನನ್ನ ಮಗಳ ಕೈ ಇಡಬೇಕು ಅಂತಿದ್ದೀನಿ."

ಕೃಷ್ಣಸ್ವಾಮಿಗಳ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹಿಂದಿನ ಮೇಜಿನ ಬೆನ್ನು ಅಲುಗಲಿಲ್ಲ. ಆ ಮೌನದಲ್ಲಿ ಕರಿಬಸವಯ್ಯನವರಿಗೆ ತಮ್ಮ ಮನೆಯ ಮೌನ ನೆನಪಾಯಿತು. ಹೋಟೆಲಿನಲ್ಲಿ ಅದು ತಮ್ಮ ಎದುರು ಬಂದು ಕೂತದ್ದು ಇದೇ ಮೊದಲು. ಹುಡುಗ ಎದ್ದು ಹೋಗಿಬಿಟ್ಟರೆ? ಕೇಳಿದ್ದು ಮುಗಿಯಿತು, ಮರ್ಯಾದೆ ತೀರಿತು ಎಂದು ಎದ್ದು ಹೋದರೆ ತಡೆಯಲು ತಮ್ಮ ಹತ್ತಿರ ಇನ್ನು ಒಂದು ಮಾತೂ ಇಲ್ಲ.

ಕೊನೆಗೆ ಕೃಷ್ಣಸ್ವಾಮಿಗಳೇ ಮೆಲ್ಲಗೆ ಕೇಳಿದರು: "ಮದುವೆ ಯಾವಾಗ?"

"ಅವರು ಒಪ್ಪಿದರೆ ಕಾರ್ತೀಕದಲ್ಲಿ ಮುಹೂರ್ತ ಇದೆ."

"ಕಾರ್ತೀಕದಲ್ಲಾ?" ಮೇಷ್ಟ್ರ ಬೆರಳುಗಳು ಮೇಜಿನ ಮೇಲೆ ದಿನ ಎಣಿಸಿದವು. ಮುಖದ ಮೇಲೆ ಒಂದು ಸಣ್ಣ ದೀಪ ಹತ್ತಿಕೊಂಡಿತು. "ಶೀಲ್ಡೂ ಆಗಲೇ! ಮದುಮಗ ಆಡೋ ಹಾಗಿಲ್ಲ. ಅಂದ್ರೆ ಈ ಸಲ ಗೋಲಿನಲ್ಲಿ ಬೇರೆಯೋನು. ಹಾಗಾದ್ರೆ ನಿಮ್ಮೋರು ಗೆದ್ರೂ ಗೆದ್ದರು ಕಣ್ರೀ, ಮಹದೇವು ದೊಡ್ಡೋನೇ ಅಂತಾಯ್ತು!"

"ಗೆಲ್ಲಲ್ಲ."

ಹೇಳಿದ್ದು ಹಿಂದಿನ ಮೇಜಿನವನು. ಕುರ್ಚಿಯನ್ನು ತಿರುಗಿಸಿಕೊಂಡು ಕೂತಿದ್ದ.

"ನನ್ನ ಬದಲಿಗೆ ನಿಲ್ಲೋ ಹುಡುಗನ್ನ ನೀವಿಬ್ಬರೂ ನೋಡಿಲ್ಲ," ಎಂದ ಗುರುಸಿದ್ದಯ್ಯ.

ಕರಿಬಸವಯ್ಯನವರು ಉಸಿರು ಬಿಟ್ಟರು. ಕೃಷ್ಣಸ್ವಾಮಿಗಳು ಹುಡುಗನನ್ನೂ ಅವನ ಉದ್ದನೆಯ ಕೈಗಳನ್ನೂ ನೋಡಿ, ಯಾರು ಎಂದು ತಿಳಿದು, ತಮ್ಮ ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದು ಜಾಗ ಮಾಡಿದರು.

"ಅಷ್ಟು ಕೆಟ್ಟೋನಾ?" ಎಂದರು ಆಸೆಯಿಂದ.

"ಅವನಿಗೆ ಚೆಂಡು ಯಾವ ಕಡೆಯಿಂದ ಬರತ್ತೆ ಅನ್ನೋದೇ ಗೊತ್ತಿಲ್ಲ ಸಾರ್," ಎನ್ನುತ್ತಾ ಹುಡುಗ ತನ್ನ ಕಾಫಿ ಲೋಟ ಹಿಡಿದುಕೊಂಡು ಈ ಕಡೆಯ ಮೇಜಿಗೆ ಬಂದ.